ಮೇಳದ ಹೆಸರು, ಮೇಳದ ಮಂದಿ

ಆಷಾಢದ ಹುಣ್ಣಿಮೆಗೆ ಕೈವಾರದಲ್ಲಿ ನಡೆಯುವ ಸಂಗೀತೋತ್ಸವದಲ್ಲಿ 72 ಗಂಟೆಗಳ ಕಾಲ, ಹಗಲೆನ್ನದೆ ಇರುಳೆನ್ನದೆ, ಗಾಯನವಾದನಗಳು ಎಡೆಬಿಡದೆ ಸಾಗುತ್ತವೆ. ಬಳೆ ಮಾರುತ್ತಿದ್ದ ಗೃಹಸ್ಥರೊಬ್ಬರು ಯೋಗಿಯಾಗಿ, ತೆಲುಗು ಕನ್ನಡಗಳೆರಡರಲ್ಲಿಯೂ ಪದ ಕಟ್ಟಿ, 1726ರಿಂದ 1836ರವರೆಗೆ ನೂರಹತ್ತು ವರ್ಷ ಬಾಳಿದರೆಂದು ಪ್ರತೀತಿಯಿರುವ ನೆಲ ಅದು. ಯೋಗಿ ನಾರೇಯಣರ, ಜನರ ಬಾಯಲ್ಲಿ ತಾತಯ್ಯನವರ, ಪದಗಳನ್ನು ಹಾಡಲು ನಮ್ಮ ಸೀಮೆಯಿಂದಲ್ಲದೆ ಆಂಧ್ರ ತಮಿಳುನಾಡುಗಳಿಂದಲೂ ಭಜನ ಮಂಡಳಿಗಳು ಬರುತ್ತವೆ. ಮಂಡಳಿಯ ಹೆಸರು ಅದೇ. ಹಾಡುವವರು ಮಾತ್ರ ಬೇರೆ. ಹಾರ್ಮೋನಿಯಂ ನುಡಿಸುತ್ತಿದ್ದ ಮುದುಕ ತೀರಿಕೊಂಡರೆ ಆ ಜಾಗದಲ್ಲಿ ಅವನ ಮಗನೋ ಸೋದರಳಿಯನೋ ಕುಳಿತಿರುತ್ತಾನೆ. ತಾಳ ಹಾಕುತ್ತಿದ್ದ ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರೆ ನೆರೆಮನೆಯವನು ತಾಳ ಹಿಡಿಯುತ್ತಾನೆ. ‘ಇದು ಆ ಹಳೆಯ ಮಂಡಳಿಯೇ ಹೌದೆ?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ನಗೆಗೀಡಾದಾರು.

ಈ ಪ್ರಶ್ನೆಯನ್ನು ಕೇಳಿ, ಅದರ ಮೇಲೆ ಜಗಳವಾಡಿ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿಸುವ ಒಂದು ಸಂಗೀತ ಪ್ರಪಂಚವಿದೆ. ಅದರ ಹೆಸರು ಹೆವಿ ಮೆಟಲ್. ಇದನ್ನು ‘ಭಾರಲೋಹ’ವೆಂದು ಕನ್ನಡಿಸುವ ಸಾಹಸವನ್ನು ಯಾರಾದರೂ ಮಾಡುವ ಮೊದಲೇ ಕೈಮುಗಿದು ಬೇಡವೆನ್ನುತ್ತೇವೆ, ಪಾತ್ರೆ ಅಂಗಡಿಯ ನೆನಪಾದೀತು. ಅದರ ಅಬ್ಬರವನ್ನು ಕೇಳಿ ಕಿವಿ ಮುಚ್ಚಿಕೊಳ್ಳುವ ಹಿರಿಯರೂ ಉಂಟು. ಆದರೆ ಅಬ್ಬರವೆಂಬುದು ನಮಗೆ ಹೊಸದೇನಲ್ಲ. ತೊಗಲಿನ ತಮಟೆಯನ್ನು ಬೆಂಕಿಯ ಮುಂದೆ ಹಿಡಿದು, ಬಿಸಿಗೆ ಬಿಗಿಯಾಗಿಸಿ, ಊರ ಬಾಗಿಲಲ್ಲಿ ನಿಂತು ಬಡಿದರೆ ಅದು ಎದೆಗೇ ನೇರವಾಗಿ ತಾಕುತ್ತದೆ. ಆ ವಾದ್ಯಕ್ಕೆ ತಮ್ಮ ಬಾಳನ್ನೇ ಕೊಟ್ಟ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯವರು. ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ತಮಟೆಗೆ ತಲೆದೂಗುವ ಊರಿನವರು ವಿದ್ಯುತ್ ಗಿಟಾರಿಗೆ ಬೆಚ್ಚಿಬೀಳಬೇಕಾದ ಕಾರಣವಿಲ್ಲ.

ಈ ಸಂಗೀತದ ಹುಟ್ಟೇ ಒಂದು ಅಪಘಾತದೊಡನೆ ಹೆಣೆದುಕೊಂಡಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ತಗಡಿನ ಕೆಲಸಕ್ಕೆ ಹೋಗುತ್ತಿದ್ದ ಟೋನಿ ಅಯೋಮಿ ಎಂಬ ತರುಣನ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರ ಕತ್ತರಿಸಿಬಿಟ್ಟಿತು. ಎಡಗೈಯಿಂದ ಮೀಟುವ ಅವನಿಗೆ ತಂತಿಯೊತ್ತುವುದು ಬಲಗೈಯ ಕೆಲಸವಾಗಿತ್ತು. ಅವನು ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳುವಾದ ತಂತಿಗಳನ್ನು ಹಾಕಿಕೊಂಡ. ಮುಂದೆ ಅವುಗಳ ಬಿಗಿಯನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದ. ಆ ಇಳಿದ ಶ್ರುತಿಯ ದಪ್ಪ ನಾದವೇ ಮುಂದೆ ಒಂದು ಪಂಥವಾಯಿತು. 1968ರಲ್ಲಿ ಕೂಡಿದ ಆ ನಾಲ್ವರ ಮೇಳ ಬ್ಲ್ಯಾಕ್ ಸಬಾತ್. ಅದರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1970ರ ಫೆಬ್ರವರಿಯಲ್ಲಿ.

ಇಲ್ಲಿಂದಲೇ ನಮ್ಮ ಪ್ರಶ್ನೆಯೂ ಆರಂಭವಾಗುತ್ತದೆ. 1979ರಲ್ಲಿ ಗಾಯಕ ಆಜ಼ಿ ಆಸ್ಬೋರ್ನ್‌ನನ್ನು ಮೇಳ ಹೊರಹಾಕಿತು. ಅವನ ಬದಲಿಗೆ ಬಂದ ರಾನಿ ಜೇಮ್ಸ್ ಡಿಯೊ ಎಂಬವನ ಕಂಠ ಬೇರೆ, ಮನೋಧರ್ಮ ಬೇರೆ, ಹಾಡಿನ ಸಾಹಿತ್ಯವೂ ಬೇರೆ. 1980ರಲ್ಲಿ ಅವನೊಡನೆ ಮಾಡಿದ ‘ಹೆವನ್ ಅಂಡ್ ಹೆಲ್’ ಇಂದಿಗೂ ಶ್ರೇಷ್ಠವೆನಿಸಿದೆ. ಅಲ್ಲಿಂದಾಚೆಗೆ ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಎಂಬತ್ತರ ದಶಕದ ನಡುವಿನಲ್ಲಿ ಮೊದಲ ನಾಲ್ವರ ಪೈಕಿ ಅಯೋಮಿ ಒಬ್ಬನೇ ಉಳಿದಿದ್ದ. ಹೆಸರು ಮಾತ್ರ ಬ್ಲ್ಯಾಕ್ ಸಬಾತ್ ಎಂದೇ ಇತ್ತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 2006ರಲ್ಲಿ ಅಯೋಮಿ, ಡಿಯೊ ಮತ್ತು ಹಳೆಯ ಸಂಗಡಿಗರು ಮತ್ತೆ ಕೂಡಿದಾಗ ಅವರು ಬ್ಲ್ಯಾಕ್ ಸಬಾತ್ ಎಂದು ಕರೆದುಕೊಳ್ಳದೆ, ತಮ್ಮದೇ ಹಳೆಯ ಮುದ್ರಿಕೆಯ ಹೆಸರಾದ ಹೆವನ್ ಅಂಡ್ ಹೆಲ್ ಎಂಬುದನ್ನೇ ಮೇಳಕ್ಕೆ ಇಟ್ಟುಕೊಂಡರು. ಒಮ್ಮೆ ಒಬ್ಬನೇ ಉಳಿದಾಗಲೂ ಹೊತ್ತಿದ್ದ ಹೆಸರನ್ನು, ಹಳಬರು ಸೇರಿದಾಗ ಹೊರಲಿಲ್ಲ! ಕೊನೆಗೆ 2025ರ ಜುಲೈ 5ರಂದು, ಹುಟ್ಟಿದೂರಾದ ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ, ಮೊದಲ ನಾಲ್ವರೂ ಒಂದೇ ವೇದಿಕೆಯಲ್ಲಿ ಕೂಡಿ ವಿದಾಯ ಹೇಳಿದರು. ಕಾಯಿಲೆಯಿಂದ ಸೋತಿದ್ದ ಆಸ್ಬೋರ್ನ್ ಕುಳಿತೇ ಹಾಡಿದ. ಅದೇ ತಿಂಗಳ 22ರಂದು ಅವನು ತೀರಿಕೊಂಡ.

ಮೇಳವನ್ನು ಹೇಗೆ ನಡೆಸಬೇಕೆಂಬುದಕ್ಕೆ ನಮಗೆ ಹೆಚ್ಚು ಮೆಚ್ಚುಗೆಯಾಗುವುದು ಐರನ್ ಮೇಡನ್ನಿನ ದಾರಿ. ಸ್ಟೀವ್ ಹ್ಯಾರಿಸ್ ಎಂಬ ಬೇಸ್ ಗಿಟಾರ್ ವಾದಕ 1975ರ ಕ್ರಿಸ್‌ಮಸ್ ದಿನ ಕಟ್ಟಿದ ಮೇಳ ಅದು. ಗಾಯಕ ಪಾಲ್ ಡಿಯಾನೊನನ್ನು ಬಿಟ್ಟು 1981ರಲ್ಲಿ ಬ್ರೂಸ್ ಡಿಕಿನ್ಸನ್ನನನ್ನು ತಂದರು. 1990ರಲ್ಲಿ ಗಿಟಾರಿನ ಏಡ್ರಿಯನ್ ಸ್ಮಿತ್ ಹೊರಟುಹೋದ, ಅವನ ಜಾಗಕ್ಕೆ ಯಾನಿಕ್ ಗರ್ಸ್ ಬಂದ. 1993ರಲ್ಲಿ ಡಿಕಿನ್ಸನ್ನನೂ ಹೋದ. ಆರು ವರ್ಷ ಕಳೆದು, 1999ರಲ್ಲಿ ಡಿಕಿನ್ಸನ್, ಸ್ಮಿತ್ ಇಬ್ಬರೂ ಮರಳಿದರು. ಇಂಥ ಹೊತ್ತಿನಲ್ಲಿ ಲೋಕದ ರೂಢಿಯೇನು? ಹಳಬ ಬಂದನೆಂದು ನಡುವೆ ದುಡಿದವನಿಗೆ ಬಾಗಿಲು ತೋರಿಸುವುದು. ಇವರು ಹಾಗೆ ಮಾಡಲಿಲ್ಲ. ಗರ್ಸ್‌ನನ್ನು ಇರಿಸಿಕೊಂಡೇ ಸ್ಮಿತ್‌ಗೂ ಜಾಗ ಮಾಡಿ, ಎರಡು ಗಿಟಾರುಗಳ ಮೇಳವನ್ನು ಮೂರು ಗಿಟಾರುಗಳ ಮೇಳವನ್ನಾಗಿಸಿದರು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು, ಭಾರತದಲ್ಲೇ ಮೊದಲ ಬಾರಿಗೆ ಮೇಡನ್ ನುಡಿಸಿದಾಗ ನಮ್ಮ ಜನ ಕಂಡದ್ದು ಈ ಆರು ಮಂದಿಯ ಮೇಳವನ್ನೇ. ದೂರದೂರದ ಊರುಗಳಿಂದ ರೈಲು ಹತ್ತಿ ಬಂದವರಿದ್ದರು. ಅದೇ ಆರು ಮಂದಿ, ಡ್ರಂ ವಾದಕ ನಿಕೊ ಮಕ್‌ಬ್ರೇನ್ 2024ರ ಡಿಸೆಂಬರಿನಲ್ಲಿ ಪ್ರವಾಸದಿಂದ ನಿವೃತ್ತನಾಗುವವರೆಗೆ, ಕಾಲು ಶತಮಾನ ಒಟ್ಟಿಗಿದ್ದರು. ಮೂರನೆಯ ಗಿಟಾರಿಗೆ ಸಂಗೀತದ ದೃಷ್ಟಿಯಿಂದ ಅಷ್ಟೊಂದು ಕೆಲಸವಿಲ್ಲವೆನ್ನುವ ವಿಮರ್ಶಕರಿದ್ದಾರೆ. ಇರಬಹುದು. ಮನುಷ್ಯರ ದೃಷ್ಟಿಯಿಂದ ಅದಕ್ಕೆ ಬಹಳ ಕೆಲಸವಿತ್ತು.

ಇದಕ್ಕೆ ವಿರುದ್ಧವಾದ ಕಥೆ ಮೆಟಾಲಿಕಾದ್ದು. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನ ರಸ್ತೆಯಲ್ಲಿ ಬಸ್ಸು ಮಗುಚಿ ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ. ಆಗ ಅವನಿಗೆ 24 ವರ್ಷ. ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. 1988ರಲ್ಲಿ ಹೊರಬಂದ ಮುದ್ರಿಕೆಯಲ್ಲಿ ಅವನ ವಾದ್ಯ ಕೇಳಿಸಿಯೂ ಕೇಳಿಸದಷ್ಟು ಕ್ಷೀಣವಾಗಿದೆ. ಸತ್ತವನ ದುಃಖವನ್ನು ಬಂದವನ ಮೇಲೆ ತೀರಿಸಿಕೊಂಡರೆಂದು ಅಭಿಮಾನಿಗಳು ಇಂದಿಗೂ ಆಡಿಕೊಳ್ಳುವುದುಂಟು. ಹೊಸ ಸೊಸೆಯ ಕಷ್ಟವನ್ನು ಬಲ್ಲ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನಾಲ್ಕು ವರ್ಷಗಳಿಗೂ ಮೀರಿ ದುಡಿದು ನ್ಯೂಸ್ಟೆಡ್ 2001ರಲ್ಲಿ ಹೊರಟ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿಗೆ ಬಂದಾಗ ಆ ಸ್ಥಾನದಲ್ಲಿ ನಿಂತಿದ್ದವನು 2003ರಲ್ಲಿ ಸೇರಿದ ರಾಬರ್ಟ್ ಟ್ರುಹಿಯೊ. ಇದೇ ಮೇಳದಿಂದ 1983ರಲ್ಲಿ ಹೊರದೂಡಲ್ಪಟ್ಟ ಡೇವ್ ಮಸ್ಟೇನ್ ಹಟದಿಂದ ಮೆಗಡೆತ್ ಎಂಬ ಮತ್ತೊಂದು ಮೇಳವನ್ನು ಕಟ್ಟಿದ. ಅದೂ 2008ರಲ್ಲಿ ಇದೇ ಊರಿಗೆ ಬಂದು ನುಡಿಸಿಹೋಯಿತು. ಒಡೆದ ಮನೆಯ ಎರಡು ಪಾಲುದಾರರೂ ಹೀಗೆ ಬೆಂಗಳೂರಿನ ಅತಿಥಿಗಳಾದರು.

ಅತಿಥಿಗಳ ಮಾತು ಸಾಕು; ಮನೆಯವರ ಮಾತಿಗೆ ಬರೋಣ. ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಮಿಲೇನಿಯಂ ಎಂಬ ಮೇಳವೆದ್ದಿತು. ವರ್ನನ್ ಇಬ್ರಾಹಿಂ ಅದರ ಗಾಯಕ. ಭಾರತದ ಆದಿ ಹೆವಿ ಮೆಟಲ್ ಮೇಳಗಳಲ್ಲಿ ಅದನ್ನು ಎಣಿಸುತ್ತಾರೆ. ತೊಂಬತ್ತರ ದಶಕದ ಡೈಯಿಂಗ್ ಎಂಬ್ರೇಸ್ ಇನ್ನೂ ಕರಾಳವಾದ, ನಿಧಾನಗತಿಯ ನಾದವನ್ನು ಹಿಡಿದು, ನಡುವೆ ಕಣ್ಮರೆಯಾಗಿ, ವರ್ಷಗಳ ಬಳಿಕ ಮತ್ತೆ ಕಾಣಿಸಿಕೊಂಡಿತು. ಆದರೆ ಬಿಡುವಿಲ್ಲದೆ ಬಾಳಿದ ಮೇಳವೆಂದು ಬೆರಳಿಟ್ಟು ತೋರಿಸಬೇಕಾದರೆ ತೋರಿಸಬೇಕಾದದ್ದು ಕ್ರಿಪ್ಟೋಸ್.

ಗ್ರೀಕ್ ಭಾಷೆಯಲ್ಲಿ ‘ಗುಪ್ತವಾದದ್ದು’ ಎಂಬ ಅರ್ಥದ ಈ ಹೆಸರಿನ ಮೇಳವನ್ನು 1998ರಲ್ಲಿ ಕಟ್ಟಿದವರು ಗಿಟಾರಿನ ನೋಲನ್ ಲೂಯಿಸ್ ಮತ್ತು ಬೇಸ್ ನುಡಿಸುತ್ತ ಹಾಡುತ್ತಿದ್ದ ಗಣೇಶ್ ಕೃಷ್ಣಸ್ವಾಮಿ. ಮೊದಲ ಮುದ್ರಿಕೆ ‘ಸ್ಪೈರಲ್ ಅಸೆಂಟ್’ ಬರಲು ಆರು ವರ್ಷ ಹಿಡಿಯಿತು, ಅದು 2004. ಎರಡನೆಯದು ‘ದಿ ಆರ್ಕ್ ಆಫ್ ಜೆಮಿನಿ’, 2008. ಈ ಅಂತರಗಳನ್ನು ನೋಡಿದರೆ ನಮ್ಮಲ್ಲಿ ಮೇಳ ನಡೆಸುವ ಕಷ್ಟವೇನೆಂಬುದು ಅರ್ಥವಾಗುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿಯೋ ಲಾಸ್ ಏಂಜಲಿಸ್‌ನಲ್ಲಿಯೋ ಮೇಳ ಒಡೆಯುವುದು ಕುಡಿತದಿಂದ, ಹಣದಿಂದ, ಅಹಂಕಾರದಿಂದ. ಇಲ್ಲಿ ಒಡೆಯಲು ಅಷ್ಟು ದೊಡ್ಡ ಕಾರಣಗಳು ಬೇಡ. ಒಬ್ಬನಿಗೆ ಎಂಜಿನಿಯರಿಂಗ್ ಪರೀಕ್ಷೆ, ಇನ್ನೊಬ್ಬನಿಗೆ ಅಮೆರಿಕದ ವೀಸಾ, ಮಗದೊಬ್ಬನಿಗೆ ಮದುವೆ. ಡ್ರಂ ಬಾರಿಸಿದರೆ ಅಕ್ಕಪಕ್ಕದವರ ದೂರು. ಕಚೇರಿಯಿಂದ ಬರುವ ಹಣ ವಾದ್ಯಗಳನ್ನು ಸಾಗಿಸುವ ಬಾಡಿಗೆಗೇ ಸಾಲದು. ಹಗಲು ಕಂಪ್ಯೂಟರ್ ಕಂಪನಿಯಲ್ಲಿ ಸಂಬಳಕ್ಕೆ ದುಡಿದು, ವಾರದ ಕೊನೆಗೆ ಅದೇ ಸಂಬಳವನ್ನು ಅಭ್ಯಾಸದ ಕೋಣೆಗೆ ತೆರುವವರೇ ಹೆಚ್ಚು. ಸಂಗೀತದಿಂದ ಹೊಟ್ಟೆ ಹೊರೆಯುವ ಮಾತು ದೂರ ಉಳಿಯಿತು, ಹೊಟ್ಟೆಯೇ ಸಂಗೀತವನ್ನು ಹೊರೆಯಬೇಕು.

ಅಂಥ ಸ್ಥಿತಿಯಲ್ಲಿ ಕ್ರಿಪ್ಟೋಸ್ ಬಾಳಿದ ಬಗೆ ಗಮನಿಸತಕ್ಕದ್ದು. ರೋಹಿತ್ ಚತುರ್ವೇದಿ ಎರಡನೆಯ ಗಿಟಾರಿಗೆ ಬಂದು ನೆಲೆನಿಂತರು. ಡ್ರಂ ವಾದಕರು ಬದಲಾದರು, ಮತ್ತೆ ಬದಲಾದರು. ‘ದಿ ಆರ್ಕ್ ಆಫ್ ಜೆಮಿನಿ’ಯ ನಂತರ ಗಾಯಕನ ಸ್ಥಾನ ತೆರವಾದಾಗ ಹೊಸಬರನ್ನು ಹುಡುಕದೆ, ಗಿಟಾರ್ ಹಿಡಿದಿದ್ದ ನೋಲನ್ ಲೂಯಿಸ್‌ರವರೇ ಹಾಡುವ ಹೊಣೆಯನ್ನೂ ಹೊತ್ತರು. ಮನೆಯ ಯಜಮಾನನೇ ಅಡಿಗೆಗೂ ನಿಂತಂತೆ. ಕೈ ಒಂದು ಲಯದಲ್ಲಿ, ಬಾಯಿ ಇನ್ನೊಂದು ಲಯದಲ್ಲಿ ನಡೆಯಬೇಕಾದುದರಿಂದ ಇದು ಸುಲಭದ ಕೆಲಸವಲ್ಲ. ಆದರೆ ಇದರಿಂದ ಮೇಳಕ್ಕೆ ಒಂದು ಖಚಿತವಾದ ದನಿ ಬಂದಿತು. ಮೊದಲ ಮುದ್ರಿಕೆಗಳಲ್ಲಿದ್ದ ತಿರುವುಮುರುವಿನ ಕಟ್ಟಡ ಕ್ರಮೇಣ ಕಡಿಮೆಯಾಗಿ, ನೇರವಾಗಿ ನುಗ್ಗುವ, ಎಂಬತ್ತರ ದಶಕದ ಮಾದರಿಯ ಗಿಟಾರ್ ಜೋಡಿ ಮುಂದೆ ಬಂದಿತು. 2010ರಲ್ಲಿ ಅವರು ಯೂರೋಪಿನ ಪ್ರವಾಸ ಕೈಗೊಂಡರು. ಹಾಗೆ ಹೊರಟ ಭಾರತದ ಮೊದಲ ಮೆಟಲ್ ಮೇಳ ಇದೆಂದೇ ಹೇಳುತ್ತಾರೆ. ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ 2012ರಲ್ಲಿ ಬಂದಿತು. ಜರ್ಮನಿಯ ವಾಕೆನ್ ಎಂಬ ಪುಟ್ಟ ಹಳ್ಳಿಯಲ್ಲಿ ವರ್ಷವರ್ಷವೂ ನಡೆಯುವ, ಈ ಪಂಥದವರಿಗೆ ತೀರ್ಥಕ್ಷೇತ್ರವೇ ಆದ ಉತ್ಸವದಲ್ಲಿ 2013ರಲ್ಲಿಯೂ 2017ರಲ್ಲಿಯೂ ನುಡಿಸಿದರು. ‘ಬರ್ನ್ ಅಪ್ ದ ನೈಟ್’ 2016, ‘ಆಫ್ಟರ್‌ಬರ್ನರ್’ 2019, ‘ಫೋರ್ಸ್ ಆಫ್ ಡೇಂಜರ್’ 2021, ‘ಡೆಸಿಮೇಟರ್’ 2024: ಇವೆಲ್ಲ ಜರ್ಮನಿಯ ಎ.ಎಫ್.ಎಂ. ಕಂಪನಿಯಿಂದಲೇ ಹೊರಬಂದವು. ಆರು ವರ್ಷಕ್ಕೊಂದು ಮುದ್ರಿಕೆಯ ಗತಿ ಎರಡು ಮೂರು ವರ್ಷಕ್ಕೊಂದರ ಗತಿಯಾಯಿತು. ವಯಸ್ಸಾದಂತೆ ಮೇಳಗಳು ನಿಧಾನವಾಗುವುದು ಲೋಕದ ನಿಯಮ. ಇವರ ನಡೆ ಅದಕ್ಕೆ ವಿರುದ್ಧ.

ಇಷ್ಟಾದರೂ ಈ ಮೇಳಗಳ ಹಾಡು ಇಂಗ್ಲಿಷಿನಲ್ಲಿ. ಕನ್ನಡದ ನೆಲದಲ್ಲಿ ಹುಟ್ಟಿ ಕನ್ನಡವನ್ನು ಮುಟ್ಟದ ಸಂಗೀತವೆಂಬ ಕೊರಗು ನಮಗೂ ಇದೆ. ತಾತಯ್ಯನವರು ಎರಡು ಭಾಷೆಗಳ ಗಡಿಯ ಮೇಲೆ ನಿಂತು ಎರಡರಲ್ಲಿಯೂ ಹಾಡಿದರು; ಬೆಂಗಳೂರಿನ ಹುಡುಗರಿಗೆ ಅದೇಕೆ ಸಾಧ್ಯವಾಗಲಿಲ್ಲವೋ! ಹಾಗೆಂದು ಕನ್ನಡ ಪೂರ್ತಿಯಾಗಿ ಸುಮ್ಮನಿಲ್ಲ. ಕ್ರಿಪ್ಟೋಸ್‌ನ ಗಣೇಶ್ ಕೃಷ್ಣಸ್ವಾಮಿಯವರು ಮುಂದೆ ಗಾಯಕರಾಗಿ ನಿಂತ ಮೇಳದ ಹೆಸರನ್ನು ನೋಡಿ: ಬೇವರ್ ಸೀ. ಇಂಗ್ಲಿಷಿನವನು ಇದನ್ನೋದಿ ಯಾವುದೋ ಸಮುದ್ರವೆಂದುಕೊಳ್ಳುತ್ತಾನೆ. ಬೆಂಗಳೂರಿನವನು ಓದಿದೊಡನೆ ನಗುತ್ತಾನೆ. ನಿಧಾನಗತಿಯ, ತೂಕದ, ಬ್ಲ್ಯಾಕ್ ಸಬಾತ್‌ನ ಋಣವನ್ನು ಮುಚ್ಚಿಡದ ನಾದ ಅವರದು. 2012ರಲ್ಲಿ ಮೇಳದ ಹೆಸರಿನದೇ ಮುದ್ರಿಕೆ, 2015ರಲ್ಲಿ ‘ಇನ್ವೋಕ್ ದ ಬಿಜ಼ಾರ್’ ಬಂದವು.

ನಗೆಯನ್ನು ಬದಿಗಿಟ್ಟು ಆ ಬೈಗಳ ಬೇರನ್ನು ಹುಡುಕಿದರೆ ಸಿಗುವುದು ‘ಬೇವಾರಸು’. ವಾರಸುದಾರರಿಲ್ಲದವನು, ಹಕ್ಕುದಾರರಿಲ್ಲದ ಸ್ವತ್ತು ಎಂಬುದು ಹಳೆಯ ಕಂದಾಯದ ಕಡತಗಳಲ್ಲಿ ಅದಕ್ಕಿದ್ದ ಅರ್ಥ. ಭಜನ ಮಂಡಳಿಗೆ ವಾರಸುದಾರರಿದ್ದಾರೆ. ತಂದೆ ಕಲಿಸಿದ ಪದವನ್ನು ಮಗ ಹಾಡುತ್ತಾನೆ. ಪದ ಇಬ್ಬರದೂ ಅಲ್ಲ, ತಾತಯ್ಯನವರದು. ಆದುದರಿಂದ ಯಾರು ಹೋದರೂ ಮಂಡಳಿಗೆ ಭಯವಿಲ್ಲ. ಮೆಟಲ್ ಮೇಳದಲ್ಲಿ ಪದ ಕಟ್ಟಿದವನೇ ನುಡಿಸಬೇಕು. ಅವನ ಬೆರಳೇ ಆ ನಾದ. ಸ್ಟೀವ್ ಹ್ಯಾರಿಸ್ ನಿಂತರೆ ಮೇಡನ್ ನಿಲ್ಲುತ್ತದೆ, ಅಯೋಮಿಯಿಲ್ಲದೆ ಸಬಾತ್ ಇಲ್ಲ. ಬಂದು ಹೋಗುವವರ ನಡುವೆ ಕದಲದೆ ನಿಂತ ಒಬ್ಬನಿಂದಲೇ ಈ ಮೇಳಗಳು ಐವತ್ತು ವರ್ಷ ಬಾಳಿವೆ, ಆ ಒಬ್ಬನೊಡನೆಯೇ ಮುಗಿಯುತ್ತವೆ. ಕ್ರಿಪ್ಟೋಸ್‌ನಲ್ಲಿ ಆ ಜಾಗದಲ್ಲಿ ನಿಂತವರು ನೋಲನ್ ಲೂಯಿಸ್. ಅವರ ಮೇಳದ ಮೊದಲ ಮುದ್ರಿಕೆ ಬಂದ ವರ್ಷ ಹುಟ್ಟಿದ ಮಕ್ಕಳು ಈಗ ಅಭ್ಯಾಸದ ಕೋಣೆಯ ಬಾಡಿಗೆಗೆ ಚಂದಾ ಎತ್ತುವ ವಯಸ್ಸಿಗೆ ಬಂದಿದ್ದಾರೆ.