ಕಿವಿಗೆ ಬಿದ್ದದ್ದು, ಕೇಳಿಸಿದ್ದು

ಬೋಗಾದಿಯಿಂದ ಮೈಸೂರು ನಗರದ ಕಡೆ ಬಂದರೆ ಮಾನಸಗಂಗೋತ್ರಿ ಸಿಗುತ್ತದೆ. ಅದರ ಮಗ್ಗುಲಿನ ನೈಮಿಷಂ ಆವರಣದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪತ್ರಿಕೆಗಳಲ್ಲಿ ಇದು ‘ಆಯಿಷ್’, ಊರಿನವರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. ಜಯಚಾಮರಾಜ ಒಡೆಯರು ಕೊಟ್ಟ 22 ಎಕರೆ ಜಾಗದಲ್ಲಿ ಬೆಳೆದ ಈ ಸಂಸ್ಥೆ 1966ರಲ್ಲಿ ನೋಂದಣಿಯಾಯಿತು. ಮಾತು ಬಾರದ ಮಕ್ಕಳು, ಕಿವಿ ಮಂದವಾದ ಹಿರಿಯರು ದೇಶದ ನಾನಾ ಕಡೆಯಿಂದ ಇಲ್ಲಿಗೆ ಬರುತ್ತಾರೆ.

ಬಂದವರ ವಿಷಯದಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಇವರಿಗೆ ಕೇಳಿಸುತ್ತಿದೆಯೇ? ಸಾದಾ ಪ್ರಶ್ನೆ. ಉತ್ತರ ಪಡೆಯಲು ಎರಡು ದಾರಿಗಳಿವೆ. ಒಮ್ಮೊಮ್ಮೆ ಆ ಎರಡು ದಾರಿಗಳು ಎರಡು ಬೇರೆ ಉತ್ತರ ಕೊಡುತ್ತವೆ. ಮಿದುಳು ನಮ್ಮ ಅನುಭವವನ್ನು ಹೇಗೆ ಕಟ್ಟುತ್ತದೆ ಎಂಬ ದೊಡ್ಡ ಪ್ರಶ್ನೆ ಅಡಗಿರುವುದು ಅಲ್ಲೇ.

ಬೆರಳಿನ ಉತ್ತರ

ಮೊದಲನೆಯದು ಎಲ್ಲ ಶ್ರವಣ ಕೇಂದ್ರಗಳಲ್ಲೂ ನಡೆಯುವ ಪರೀಕ್ಷೆ. ಹೊರಗಿನ ಸದ್ದು ಬಾರದ ಕೊಠಡಿಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ‘ಕುಂಯ್’ ಎಂದು ಸಣ್ಣ ಸದ್ದು ಬಂದರೂ ಬೆರಳೆತ್ತಿ, ಇಲ್ಲವೇ ಗುಂಡಿ ಒತ್ತಿ ಎನ್ನುತ್ತಾರೆ. 250 ಹರ್ಟ್ಸ್‌ನ ತಗ್ಗು ಸ್ವರದಿಂದ 8000 ಹರ್ಟ್ಸ್‌ನ ಕೀಚಲು ಸ್ವರದವರೆಗೆ ಒಂದೊಂದನ್ನೂ ಪರೀಕ್ಷಿಸುತ್ತಾರೆ. ಬೆರಳೆದ್ದರೆ ಸದ್ದನ್ನು 10 ಡೆಸಿಬೆಲ್ ಇಳಿಸುತ್ತಾರೆ, ಏಳದಿದ್ದರೆ 5 ಡೆಸಿಬೆಲ್ ಏರಿಸುತ್ತಾರೆ. ಹೀಗೆ ಇಳಿಸಿ ಏರಿಸಿ, ಕೇಳುವಿಕೆಯ ಮಿತಿ ಎಲ್ಲಿದೆ ಎಂದು ಗುರುತಿಸುತ್ತಾರೆ.

ಈ ಮಿತಿಯೇ ಒಂದು ಸೋಜಿಗ. ಅಲ್ಲಿ ಅದೇ ಸ್ವರವನ್ನು ಅಷ್ಟೇ ತೀವ್ರತೆಯಲ್ಲಿ ಮತ್ತೆ ಮತ್ತೆ ಕೊಟ್ಟರೆ ಸುಮಾರು ಅರ್ಧದಷ್ಟು ಸಲ ಮಾತ್ರ ಬೆರಳು ಏಳುತ್ತದೆ. ಸದ್ದಿನಲ್ಲಿ ಬದಲಾವಣೆಯಿಲ್ಲ, ಕಿವಿಯೂ ಅದೇ. ಆದರೂ ಒಮ್ಮೆ ಕೇಳಿಸಿತು, ಇನ್ನೊಮ್ಮೆ ಕೇಳಿಸಲಿಲ್ಲ. ವ್ಯತ್ಯಾಸ ಇರುವುದು ತಲೆಯೊಳಗೆ.

ತಂತಿಯ ಉತ್ತರ

ಎರಡು ತಿಂಗಳ ಕೂಸಿಗೆ ಬೆರಳೆತ್ತು ಎನ್ನಲಾದೀತೇ? ಅದಕ್ಕೇ ಎರಡನೆಯ ದಾರಿ. ಮಗುವನ್ನು ಪರೀಕ್ಷೆಗೆ ಮೊದಲು ಮಲಗಲು ಬಿಡದೆ ಕರೆತನ್ನಿ ಎಂದು ತಾಯಿಗೆ ಹೇಳಿರುತ್ತಾರೆ. ಹಾಲು ಕುಡಿದು ಕೂಸು ಮಡಿಲಲ್ಲೇ ನಿದ್ದೆಹೋಗುತ್ತದೆ. ಹಣೆಯ ಮೇಲೆ, ಎರಡೂ ಕಿವಿಗಳ ಹಿಂದೆ ತರಿತರಿಯಾದ ಪೇಸ್ಟಿನಿಂದ ಚರ್ಮವನ್ನು ಮೆಲ್ಲಗೆ ಉಜ್ಜಿ, ತಂತಿ ಜೋಡಿಸಿದ ಎಲೆಕ್ಟ್ರೋಡುಗಳನ್ನು ಅಂಟಿಸುತ್ತಾರೆ. ಕಿವಿಯೊಳಗೆ ‘ಟಕ್ ಟಕ್’ ಸದ್ದು ಶುರುವಾಗುತ್ತದೆ.

ಪ್ರತಿ ಟಕ್ಕಿಗೂ ಶ್ರವಣನರದಲ್ಲಿ ಒಂದು ವಿದ್ಯುತ್ ಮಿಡಿತ ಎದ್ದು ಮಿದುಳುಕಾಂಡದ ಮೂಲಕ ಮೇಲೇರುತ್ತದೆ. ತಲೆಯ ಚರ್ಮದ ಮೇಲೆ ಅದರ ಬಲ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದೇ ಟಕ್ಕಿನಲ್ಲಿ ಅದು ಕಾಣುವುದಿಲ್ಲ. ಸಾವಿರ, ಎರಡು ಸಾವಿರ ಸಲ ಸದ್ದು ಕೊಟ್ಟು ಸರಾಸರಿ ತೆಗೆದಾಗ ಪರದೆಯ ಮೇಲೆ ಸಾಲಾಗಿ ಅಲೆಗಳು ಮೂಡುತ್ತವೆ. ಐದನೆಯ ಅಲೆ ಬರುವುದು ಸದ್ದು ಕೊಟ್ಟ ಸುಮಾರು 6 ಮಿಲಿಸೆಕೆಂಡಿಗೆ. ಜ್ಯೂವೆಟ್ ಮತ್ತು ವಿಲಿಸ್ಟನ್ ಎಂಬ ಅಮೆರಿಕದ ವಿಜ್ಞಾನಿಗಳು 1971ರಲ್ಲಿ ಈ ಅಲೆಗಳನ್ನು ವಿವರಿಸಿದರು. ಇದಕ್ಕೆ ಎಬಿಆರ್ ಪರೀಕ್ಷೆ ಎಂದು ಹೆಸರು. ಇಲ್ಲಿ ಮಗುವನ್ನು ಏನೂ ಕೇಳಬೇಕಾಗಿಲ್ಲ, ಅಲೆಗಳೇ ಹೇಳುತ್ತವೆ.

ಎರಡೂ ಕೂಡದಿದ್ದಾಗ

ಆದರೆ ಅಲೆಗಳು ಹೇಳುವುದೇನು? ನಿದ್ದೆಯಲ್ಲಿ ಈ ಅಲೆಗಳು ಮಾಸುವುದಿಲ್ಲ. ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದವರಲ್ಲೂ ಅವು ಬರುತ್ತವೆ. ಎಚ್ಚರವಾದ ಮೇಲೆ ಕೇಳಿದರೆ, ಏನೂ ಕೇಳಿಸಲಿಲ್ಲ ಎನ್ನುತ್ತಾರೆ. ಮಿದುಳಿನ ಎರಡೂ ಬದಿಯ ಶ್ರವಣ ಭಾಗಗಳಿಗೆ ಪಾರ್ಶ್ವವಾಯುವಿನಿಂದ ಪೆಟ್ಟಾದ ಅಪರೂಪದ ರೋಗಿಗಳಲ್ಲಿ ಅಲೆಗಳು ಸರಿಯಾಗಿಯೇ ಇರಬಹುದು. ವ್ಯಕ್ತಿ ಮಾತ್ರ ಕಿವುಡನಂತಾಗಿರುತ್ತಾನೆ. ಅಂದರೆ ಸದ್ದು ಮಿದುಳಿನ ಬಾಗಿಲು ದಾಟಿದ ಮಾತ್ರಕ್ಕೆ ಕೇಳಿಸಿತು ಎಂದಾಗುವುದಿಲ್ಲ.

ಇದರ ತಿರುಗುಮುರುಗು ಪ್ರಸಂಗವೂ ಉಂಟು. ‘ಆಡಿಟರಿ ನ್ಯೂರೋಪತಿ’ ಎಂಬ ತೊಂದರೆಯಿದ್ದವರನ್ನು ಕೊಠಡಿಯಲ್ಲಿ ಕೂರಿಸಿ ಸ್ವರ ಕೊಟ್ಟರೆ ಕೆಲವರು ಚೆನ್ನಾಗಿಯೇ ಬೆರಳೆತ್ತುತ್ತಾರೆ. ಒಳಗಿವಿಯ ಹೊರ ರೋಮಕೋಶಗಳೂ ಕೆಲಸ ಮಾಡುತ್ತಿರುತ್ತವೆ. ಆದರೆ ಎಬಿಆರ್ ಮಾಡಿದರೆ ಪರದೆಯ ಮೇಲೆ ಅಲೆಗಳೇ ಇಲ್ಲ! ಇಂಥವರ ದೂರು ಸಾಮಾನ್ಯವಾಗಿ ಒಂದೇ: “ಕೇಳ್ಸುತ್ತೆ, ಆದ್ರೆ ಏನು ಅಂತ ಗೊತ್ತಾಗಲ್ಲ.” ಗದ್ದಲವಿದ್ದ ಕಡೆ ಇನ್ನೂ ಕಷ್ಟ. 1996ರಲ್ಲಿ ಆರ್ನಾಲ್ಡ್ ಸ್ಟಾರ್ ಮತ್ತು ಸಂಗಡಿಗರು ಇದಕ್ಕೆ ಈ ಹೆಸರು ಕೊಟ್ಟರು. ಮೈಸೂರಿನ ಸಂಸ್ಥೆಯಲ್ಲೂ ಇದರ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ.

ಕಾರಣ ಹೊತ್ತಿನ ಹೊಂದಾಣಿಕೆಯದು. ಶ್ರವಣನರದಲ್ಲಿ ಸುಮಾರು 30,000 ಎಳೆಗಳಿವೆ. ಭಜನೆಯಲ್ಲಿ ಎಲ್ಲರ ತಾಳವೂ ಒಟ್ಟಿಗೆ ಬಿದ್ದರೆ ಬೀದಿಯ ಕೊನೆಗೂ ಲಯ ಕೇಳುತ್ತದೆ. ಒಬ್ಬೊಬ್ಬರೂ ಚೂರು ಹಿಂದುಮುಂದಾದರೆ ಸದ್ದೇನೋ ಅಷ್ಟೇ ಇರುತ್ತದೆ, ಲಯ ಮಾತ್ರ ಕಲಸಿಹೋಗುತ್ತದೆ. ನರದ ಎಳೆಗಳು ಹೀಗೆ ಹಿಂದುಮುಂದಾಗಿ ಮಿಡಿದಾಗ ಸರಾಸರಿ ತೆಗೆಯುವ ಯಂತ್ರಕ್ಕೆ ಏನೂ ಉಳಿಯುವುದಿಲ್ಲ. ಸದ್ದು ಇದೆ ಎನ್ನುವಷ್ಟು ಮಾಹಿತಿ ಮಿದುಳಿಗೆ ಸಿಗುತ್ತದೆ, ‘ಪ’ ಯಾವುದು ‘ಬ’ ಯಾವುದು ಎಂದು ಬಿಡಿಸುವಷ್ಟು ಸಿಗುವುದಿಲ್ಲ.

ಹಾಗಾದರೆ ಕೇಳಿಸುವುದು ಎಂದರೆ ಕಿವಿಯಿಂದ ಬಂದದ್ದನ್ನು ಮಿದುಳು ಸುಮ್ಮನೆ ಪಡೆದುಕೊಳ್ಳುವುದಲ್ಲ. ಬಂದ ಸುಳಿವುಗಳಿಂದ ಅದು ಒಂದು ಅನುಭವವನ್ನು ಕಟ್ಟಬೇಕು.

ಇಲ್ಲದ್ದನ್ನು ತುಂಬುವ ಕೆಲಸ

ಬೋಗಾದಿ ಕೆರೆಯ ದಂಡೆಯಲ್ಲಿ ಕಣ್ಣು ಮುಚ್ಚಿ ನಿಂತರೂ ಕೋಗಿಲೆ ಎಡಕ್ಕಿದೆ, ಬೈಕು ಬಲಕ್ಕೆ ಹೋಯಿತು ಎಂದು ಹೇಳಬಹುದು. ಈ ಎಡ, ಬಲ ಯಾವ ಒಂದು ಕಿವಿಯಲ್ಲೂ ಇಲ್ಲ. ಎಡದ ಸದ್ದು ಬಲಗಿವಿಗೆ ತಲುಪುವುದು ಹೆಚ್ಚೆಂದರೆ 0.7 ಮಿಲಿಸೆಕೆಂಡು ತಡವಾಗಿ. ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಸಣ್ಣ ಅಂತರವನ್ನೂ ಮಿದುಳುಕಾಂಡ ಲೆಕ್ಕಹಾಕಬಲ್ಲದು. ನಮಗೆ ಆ ಅಂತರ ಕೇಳಿಸುವುದಿಲ್ಲ. ಕೇಳಿಸುವುದು ಎಡಗಡೆಯ ಕೋಗಿಲೆ.

ಹಳೆಯ ಲ್ಯಾಂಡ್‌ಲೈನ್ ಫೋನನ್ನು ನೆನಪಿಸಿಕೊಳ್ಳಿ. ಅದು ಸಾಗಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಗಂಡಸರ ಧ್ವನಿಯ ಮೂಲಸ್ವರ 100–150 ಹರ್ಟ್ಸ್ ಆಸುಪಾಸಿನದು. ಅದು ತಂತಿಗೇ ಹತ್ತುತ್ತಿರಲಿಲ್ಲ. ಆದರೂ ಅಪ್ಪನ ಗಡಸು ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತು. ಮೇಲಿನ ಸ್ವರಗಳ ನಡುವಿನ ಅಂತರ ನೋಡಿ ಮಿದುಳು ಇಲ್ಲದ ಮೂಲಸ್ವರವನ್ನು ತಾನೇ ಹಾಕಿಕೊಳ್ಳುತ್ತಿತ್ತು.

ಕಾಣದ ದನಿಯ ಮಾತು ಬಂದಾಗ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯಬೇಕು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು ಅವರು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಶುರುಮಾಡಿದವರೂ ಅವರೇ. ಮನಸ್ಸಿನ ಅಧ್ಯಯನ, ಬಾನುಲಿ ಎರಡೂ ಈ ಊರಲ್ಲಿ ಒಬ್ಬರ ಕೈಯಲ್ಲೇ ಬೆಳೆದವು. ಮುಖ ಕಾಣದ ದನಿಗೆ ಮುಖ, ವಯಸ್ಸು, ಮುಗುಳುನಗೆ ಎಲ್ಲವನ್ನೂ ಜೋಡಿಸಿಕೊಂಡು ರೇಡಿಯೊ ಕೇಳಿದವರಿಗೆ ಮಿದುಳಿನ ಈ ಕೆಲಸ ಹೊಸದಲ್ಲ.

1970ರಲ್ಲಿ ಅಮೆರಿಕದ ರಿಚರ್ಡ್ ವಾರೆನ್ ಒಂದು ಇಂಗ್ಲಿಷ್ ವಾಕ್ಯದ ಧ್ವನಿಮುದ್ರಿಕೆಯಿಂದ ‘ಸ್’ ಸದ್ದನ್ನು ಪೂರ್ತಿ ಕತ್ತರಿಸಿ, ಆ ಜಾಗಕ್ಕೆ ಕೆಮ್ಮನ್ನು ಕೂರಿಸಿದರು. ಕೇಳಿದ 20 ಮಂದಿಯಲ್ಲಿ 19 ಮಂದಿ ಯಾವ ಅಕ್ಷರವೂ ಬಿಟ್ಟುಹೋಗಿಲ್ಲ ಎಂದರು. ಅವರು ಊಹಿಸಿ ಹೇಳಿದ್ದಲ್ಲ, ಅವರಿಗೆ ‘ಸ್’ ಕೇಳಿಸಿತ್ತು. 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಇನ್ನೊಂದು ಪ್ರಯೋಗ ಮಾಡಿದರು. ‘ಗ’ ಎನ್ನುವ ತುಟಿಗಳ ದೃಶ್ಯಕ್ಕೆ ‘ಬ’ ಎಂಬ ಸದ್ದು ಜೋಡಿಸಿದರೆ ಬಹಳ ಮಂದಿಗೆ ಕೇಳಿಸಿದ್ದು ‘ದ’. ಕಣ್ಣು ಮುಚ್ಚಿದರೆ ‘ಬ’, ತೆರೆದರೆ ಮತ್ತೆ ‘ದ’. ಗುಟ್ಟು ಗೊತ್ತಿದ್ದರೂ ಹಾಗೆಯೇ ಕೇಳುತ್ತದೆ.

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲೇ ಗ್ರಹಿಕೆಯೆಂದರೆ ನಮ್ಮ ಅರಿವಿಗೆ ಬಾರದಂತೆ ಮಿದುಳು ಮಾಡುವ ತೀರ್ಮಾನ ಎಂದಿದ್ದ. ಇಂದಿನ ಹಲವು ವಿಜ್ಞಾನಿಗಳ ಚಿತ್ರ ಇದಕ್ಕೆ ಹತ್ತಿರದ್ದು: ಮುಂದೆ ಏನು ಬರಲಿದೆ ಎಂದು ಮಿದುಳು ಮೊದಲೇ ಅಂದಾಜು ಮಾಡುತ್ತದೆ, ಬಂದ ಸುಳಿವಿನ ಜೊತೆ ತಾಳೆ ನೋಡುತ್ತದೆ, ತಪ್ಪಿದ್ದರೆ ತಿದ್ದಿಕೊಳ್ಳುತ್ತದೆ. ನರಗಳ ದಾರಿಯೂ ಒಮ್ಮುಖವಲ್ಲ. ಕಿವಿಯಿಂದ ಮಿದುಳಿಗೆ ಏರುವ ನರಗಳಂತೆಯೇ ಮಿದುಳಿನಿಂದ ಒಳಗಿವಿಯವರೆಗೆ ಇಳಿಯುವ ನರಗಳೂ ಇವೆ.

ಹೊರಗೆ ಏನೂ ಇಲ್ಲದಿದ್ದರೆ? 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಸರಿಯಾಗಿ ಕಿವಿ ಕೇಳುವ 80 ಮಂದಿಯನ್ನು ಶಬ್ದರಹಿತ ಕೊಠಡಿಯಲ್ಲಿ ಕೆಲವು ನಿಮಿಷ ಕೂರಿಸಿದರು. ನೂರಕ್ಕೆ 94ರಷ್ಟು ಮಂದಿ ಗುಂಯ್‌ಗುಟ್ಟುವುದೋ ಸುಯ್‌ಗುಟ್ಟುವುದೋ ಏನೋ ಕೇಳಿಸಿತು ಎಂದರು. ಕಿವಿಮೊರೆತದಿಂದ ಬಳಲುವವರಿಗೆ ಈ ಸದ್ದು ಬಿಡುವಿಲ್ಲದೆ ಕಾಡುತ್ತದೆ. ಒಳಗಿವಿ ಸೊರಗಿ ಬರುವ ಸುಳಿವು ಕಡಿಮೆಯಾದಾಗ ಮಿದುಳು ತನ್ನ ಧ್ವನಿವರ್ಧನೆಯನ್ನು ಏರಿಸಿಕೊಳ್ಳುವುದೇ ಇದಕ್ಕೆ ಕಾರಣವೆಂಬುದು ಒಂದು ಮುಖ್ಯ ವಿವರಣೆ. ಹಾಗೆಂದು ಅದು ಬರೀ ಭ್ರಮೆಯಲ್ಲ. ಕೋಗಿಲೆಯ ಕೂಗನ್ನು ಕಟ್ಟುವ ನರಜಾಲವೇ ಅದನ್ನೂ ಕಟ್ಟುತ್ತದೆ.

ಅನುಭವಕ್ಕೂ ಅಭ್ಯಾಸ ಬೇಕು

ಈ ಅಂದಾಜುಗಳನ್ನು ಮಿದುಳು ಕಲಿಯುವುದು ಎಳವೆಯಲ್ಲಿ. ಕನ್ನಡದ ಮಗುವಿಗೆ ‘ತ’ ಬೇರೆ, ‘ಟ’ ಬೇರೆ. ಹಿಂದಿಯಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ಈ ಎರಡು ಸದ್ದುಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. 6–8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಭೇದ ಗುರುತಿಸಿದವು. 10–12 ತಿಂಗಳ ಹೊತ್ತಿಗೆ ಹೆಚ್ಚಿನವು ಆ ಶಕ್ತಿ ಕಳೆದುಕೊಂಡಿದ್ದವು. ಕಿವಿಯಲ್ಲಿ ಯಾವ ಊನವೂ ಆಗಿರಲಿಲ್ಲ. ತಮ್ಮ ಮನೆಮಾತಿಗೆ ಬೇಡದ ಗೆರೆಯನ್ನು ಮಿದುಳು ಅಳಿಸಿತ್ತು.

ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 30,000 ನರದ ಎಳೆಗಳಿಗೆ ಸುದ್ದಿ ಕೊಡಬೇಕಾದ ಈ ಸಾಧನದಲ್ಲಿರುವ ಎಲೆಕ್ಟ್ರೋಡುಗಳು 12ರಿಂದ 22ರಷ್ಟು. ಮಾತು ಕಲಿತ ಮೇಲೆ ಕಿವಿ ಕಳೆದುಕೊಂಡ ಹಲವರು, ಸಾಧನ ಚಾಲೂ ಮಾಡಿದ ದಿನ ಮನೆಯವರ ಮಾತು ರೋಬೋಟಿನಂತೆ ಕೇಳಿತು ಎನ್ನುತ್ತಾರೆ. ತಿಂಗಳುಗಳು ಕಳೆದಂತೆ ಅದೇ ಎಲೆಕ್ಟ್ರೋಡುಗಳಿಂದ ಹೆಂಡತಿಯ ದನಿ ಹೆಂಡತಿಯದಾಗಿ, ಮಗಳದು ಮಗಳದಾಗಿ ಕೇಳತೊಡಗುತ್ತದೆ.

ಹುಟ್ಟುಕಿವುಡು ಮಕ್ಕಳಿಗೆ ಕಾಲ ಮೀರಬಾರದು. ಅಮೆರಿಕದಲ್ಲಿ ಅನು ಶರ್ಮ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳ ಮಿದುಳಿನ ಸ್ಪಂದನ ಬೇಗನೆ ಸಹಜ ಮಟ್ಟಕ್ಕೆ ಬರುತ್ತದೆ. ಏಳು ವರ್ಷ ದಾಟಿದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಆಯಿಷ್‌ನ ಪ್ರೀಸ್ಕೂಲಿನಲ್ಲಿ ತಾಯಂದಿರಿಗೂ ತರಬೇತಿ ಕೊಡುವುದು ಇದೇ ಕಾರಣಕ್ಕೆ. ಸಾಧನ ಸದ್ದು ಮುಟ್ಟಿಸಬಹುದು. ಅದು ಮಾತಾಗಿ ಕೇಳಬೇಕಾದರೆ ಮಗುವಿನ ಜೊತೆ ದಿನವಿಡೀ ಯಾರಾದರೂ ಮಾತಾಡಬೇಕು.

ಇತ್ಯರ್ಥವಾಗದ ಪಂದ್ಯ

ಮಿತಿಯಲ್ಲಿರುವ ಆ ಸ್ವರಕ್ಕೆ ಹಿಂತಿರುಗೋಣ. ಬೆರಳೆದ್ದ ಸಲ ಮಿದುಳಿನಲ್ಲಿ ಏನು ಹೆಚ್ಚಾಯಿತು? ಮೊದಲ ಹಂತದ ಸ್ಪಂದನ ಎರಡೂ ಸಲ ಕಾಣಬಹುದು. ಸುಮಾರು 300 ಮಿಲಿಸೆಕೆಂಡಿನ ಹೊತ್ತಿಗೆ, ಕೇಳಿಸಿತು ಎಂದ ಸಲ ಮಾತ್ರ, ಹಣೆಯ ಹಿಂದಿನ ಭಾಗವೂ ಸೇರಿ ಮಿದುಳಿನ ದೂರದೂರದ ಭಾಗಗಳು ಒಟ್ಟಿಗೆ ಎಚ್ಚೆತ್ತುಕೊಳ್ಳುತ್ತವೆ. ಸುದ್ದಿ ಹೀಗೆ ಇಡೀ ಮಿದುಳಿಗೆ ಹಬ್ಬುವುದೇ ಅರಿವು ಎನ್ನುತ್ತಾರೆ ಬರ್ನಾರ್ಡ್ ಬಾರ್ಸ್, ಸ್ಟಾನಿಸ್ಲಾಸ್ ದಹೆನ್ ಮೊದಲಾದವರು. ಅಲ್ಲ, ಆ ಅಲೆ ಬೆರಳೆತ್ತುವ ತಯಾರಿಯದು, ಅನುಭವ ಅದಕ್ಕೆ ಮೊದಲೇ ಆಗಿರುತ್ತದೆ ಎಂದು ವಾದಿಸುವವರೂ ಇದ್ದಾರೆ.

1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ ಮತ್ತು ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಪಂದ್ಯ ಕಟ್ಟಿದರು. ಅನುಭವಕ್ಕೆ ಕಾರಣವಾದ ನರಚಟುವಟಿಕೆ ಯಾವುದೆಂದು 25 ವರ್ಷದೊಳಗೆ ಸ್ಪಷ್ಟವಾಗುತ್ತದೆ ಎಂದರು ಕಾಕ್. 2023ರಲ್ಲಿ ನ್ಯೂಯಾರ್ಕಿನಲ್ಲಿ ಸೋಲೊಪ್ಪಿಕೊಂಡು ಪಂದ್ಯದ ವೈನ್ ಕೊಟ್ಟರು. ವಿಜ್ಞಾನ ಕೈಚೆಲ್ಲಿದೆ ಎಂದು ಇದರ ಅರ್ಥವಲ್ಲ. ಸದ್ದು ಎಲ್ಲಿಯವರೆಗೆ ತಲುಪಿತು ಎಂಬುದನ್ನು ಯಂತ್ರ ಮಿಲಿಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತದೆ. ಅದು ಕೇಳಿಸಿತೇ ಎಂಬುದಕ್ಕೆ ಇವತ್ತಿಗೂ ಕೇಳಿಸಿಕೊಂಡವರೇ ಸಾಕ್ಷಿ.

ಮನೆಮಂದಿಗೆ ಎರಡು ಮಾತು

ಮಗು ಹುಟ್ಟಿದ ತಿಂಗಳೊಳಗೆ ಶ್ರವಣ ತಪಾಸಣೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಇದು ಜಗತ್ತಿನ ಹಲವು ಕಡೆ ಒಪ್ಪಿಕೊಂಡಿರುವ ಕ್ರಮ. ಮಗು ಚಪ್ಪಾಳೆಗೆ ತಿರುಗಿತು ಎಂದು ಸುಮ್ಮನಾಗಬೇಡಿ.

ಮನೆಯ ಹಿರಿಯರು “ಕೇಳ್ಸುತ್ತೆ, ಆದ್ರೆ ಗೊತ್ತಾಗಲ್ಲ” ಎಂದರೆ ಅದನ್ನು ನೆಪವೆಂದು ತಳ್ಳಿಹಾಕಬೇಡಿ. ಕೂಗಿದರೆ ಸದ್ದು ಹೆಚ್ಚುತ್ತದೆ, ಸುಳಿವು ಹೆಚ್ಚುವುದಿಲ್ಲ. ಟಿವಿ ಆರಿಸಿ, ಎದುರು ಕೂತು, ತುಟಿ ಕಾಣುವಂತೆ, ನಿಧಾನವಾಗಿ ಮಾತಾಡಿ. ಯಾವ ವಿಷಯದ ಮಾತು ಎಂದು ಮೊದಲೇ ಹೇಳಿದರೆ ಉಳಿದದ್ದನ್ನು ಅವರ ಮಿದುಳು ತಾನೇ ತುಂಬಿಕೊಳ್ಳುತ್ತದೆ. ಆಮೇಲೆ ಶ್ರವಣ ಪರೀಕ್ಷೆಗೆ ಕರೆದೊಯ್ಯಿರಿ. ಯಂತ್ರದ ವರದಿಯನ್ನು ನೋಡಿ, ಅವರು ಹೇಳುವುದನ್ನೂ ಕೇಳಿ. ಎರಡೂ ಹೊಂದದಿದ್ದರೆ ಅವರ ಮಾತನ್ನು ಬದಿಗೆ ಸರಿಸಬೇಡಿ. ವೈದ್ಯರು ಮುಂದಿನ ಪರೀಕ್ಷೆ ಶುರುಮಾಡುವುದು ಅಲ್ಲಿಂದಲೇ.