ಗಾಡಿಯೇ ಮನೆಯಾದಾಗ ಏನೇನು ಬೇಕು?

ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ದೊಡ್ಡ ಗಾಡಿಗಳಲ್ಲಿ ವರ್ಷಗಟ್ಟಲೆ ಸಂಸಾರ ಹೂಡುವ ಕುಟುಂಬಗಳು ಅಮೆರಿಕದಲ್ಲಿವೆ. ಆ ಗಾಡಿಗಳಿಗೆ ಆರ್.ವಿ. ಎನ್ನುತ್ತಾರೆ. ಮಾಗನೂರಿನಂಥ ಗಡಿ ಊರಿನ ಅಡತಿ ಅಂಗಡಿಯವರಾದ ನಮಗೆ ಅದು ದೂರದ ಮಾತು. ಆದರೆ ತಿಂಗಳೊಪ್ಪತ್ತು ಗಾಡಿಯನ್ನೇ ಮನೆ ಮಾಡಿಕೊಳ್ಳುವುದು ನಮ್ಮ ಸಮಾಜಕ್ಕೆ ಹೊಸದಲ್ಲ. ಹಿರಿಯರು ಎತ್ತಿನ ಬಂಡಿಗಳಲ್ಲಿ ಸಂಘವಾಗಿ ತೀರ್ಥಯಾತ್ರೆಗೆ ಹೋಗುತ್ತಿದ್ದರು. ಈಗ ಬಂಡಿಯ ಬದಲು ಟೆಂಪೋ ಟ್ರಾವೆಲರ್, ಅಷ್ಟೇ.

ನಾವು ಹೊರಟದ್ದು ಚಾತುರ್ಮಾಸ ಮುಗಿದು, ಕಾರ್ತಿಕದ ಅಷ್ಟಾಹ್ನಿಕ ಪರ್ವವನ್ನು ಊರಲ್ಲೇ ಆಚರಿಸಿದ ಮೇಲೆ. ಎಪ್ಪತ್ತೆಂಟರ ಆಯಿಯಿಂದ ಹಿಡಿದು ನಾಲ್ಕು ವರ್ಷದ ಮಗುವಿನವರೆಗೆ ಹನ್ನೊಂದು ಜನ, ಇಪ್ಪತ್ನಾಲ್ಕು ದಿನ. ಕೃಷ್ಣೆಯ ಸೇತುವೆ ದಾಟಿ ರಾಯಚೂರು, ಅಲ್ಲಿಂದ ಕೊಪ್ಪಳ, ಅತ್ತಿಮಬ್ಬೆಯ ಲಕ್ಕುಂಡಿ, ಹುಂಚ, ಆಗುಂಬೆ ಘಾಟಿ ಇಳಿದು ವರಂಗ, ಕಾರ್ಕಳ, ಮೂಡುಬಿದಿರೆ, ವೇಣೂರು, ಧರ್ಮಸ್ಥಳ, ಕೊನೆಗೆ ಶ್ರವಣಬೆಳಗೊಳ. ಹದಿನೇಳು ಸೀಟಿನ ಗಾಡಿ ಹಿಡಿದು ಹಿಂದಿನ ಸೀಟುಗಳನ್ನು ಸಾಮಾನಿಗೆ ಬಿಟ್ಟೆವು. ಪ್ರವಾಸಿ ಪರ್ಮಿಟ್ ಇರುವ ಹಳದಿ ಬೋರ್ಡಿನ ಗಾಡಿಯನ್ನೇ ಹಿಡಿಯಿರಿ. ನೆಂಟರ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಮಾತಾಡಿದರೆ ರಾಜ್ಯದ ಗಡಿಯಲ್ಲೇ ತಂಟೆ ಶುರು.

ಮೊದಲ ಎಡವಟ್ಟು ಹಿಟ್ಟಿನದು. ಒಂದು ತಿಂಗಳಿಗೆ ಸಾಕಾಗುವಷ್ಟು ಗೋಧಿಹಿಟ್ಟು, ಜೋಳದ ಹಿಟ್ಟು ಬೀಸಿಸಿ ಡಬ್ಬಿ ತುಂಬಿಕೊಂಡಿದ್ದೆವು. ಎಂಟನೆಯ ದಿನ ಆಯಿ ತಟ್ಟೆ ಸರಿಸಿದರು. "ಹಿಟ್ಟಿನ ಮರ್ಯಾದೆ ಮುಗೀತಪ್ಪಾ, ನನಗೆ ಅನ್ನ ಸಾಕು" ಎಂದರು. ನಮ್ಮಲ್ಲಿ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನದ ಮಿತಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮನೆಯಲ್ಲಿ ವಾರಕ್ಕೊಮ್ಮೆ ಗಿರಣಿಗೆ ಹೋಗುವುದರಿಂದ ಅದರ ನೆನಪೇ ಬೇಕಾಗಿರಲಿಲ್ಲ. ಉಳಿದ ಹಿಟ್ಟನ್ನು ದಾರಿಯ ಊರೊಂದರಲ್ಲಿ ಹಂಚಿಬಿಟ್ಟೆವು. ಆದ್ದರಿಂದ ಕಾಳನ್ನೇ ಒಯ್ಯಿರಿ, ಹಿಟ್ಟನ್ನಲ್ಲ. ದಾರಿಯಲ್ಲಿ ಗಿರಣಿಗಳು ಸಿಗುತ್ತವೆ. ಆದರೆ ಕಲ್ಲಿನಲ್ಲಿ ಹಿಂದಿನವರ ಹಿಟ್ಟು ಉಳಿದಿರುತ್ತದೆ, ಮೊದಲು ಬರುವ ಸೇರು ಹಿಟ್ಟನ್ನು ಬೇರೆ ತೆಗೆದುಬಿಡಬೇಕು. ವ್ರತ ಹಿಡಿದವರು ಜೊತೆಗಿದ್ದರೆ ಸಣ್ಣ ಬೀಸುಕಲ್ಲೇ ಲೇಸು. ಭಾರ ಎಂದು ಗಂಡಸರು ಗೊಣಗುತ್ತಾರೆ, ಗೊಣಗಲಿ.

ನೀರಿನ ಲೆಕ್ಕ ಇದಕ್ಕಿಂತ ಬಿಗಿ. ಗಾಳಿಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಓಡುವ ಗಾಡಿಯಲ್ಲಿ ಮುಕ್ಕಾಲು ಗಂಟೆಗೊಮ್ಮೆ ನೀರು ಗಾಳಿಸುತ್ತ ಕೂರಲಾಗದು. ಹಾಗಾಗಿ ಬೆಳಿಗ್ಗೆ ತಂಗಿದ ಜಾಗದಲ್ಲೇ ಇಡೀ ದಿನದ ಕುಡಿಯುವ ನೀರನ್ನು ಗಾಳಿಸಿ, ಕುದಿಸಿ, ಆರಿಸಿ ಸ್ಟೀಲ್ ಡ್ರಮ್ಮಿಗೆ ತುಂಬುವುದೇ ದಾರಿ. ಹನ್ನೊಂದು ಜನಕ್ಕೆ ನಲವತ್ತು ಲೀಟರ್ ಹಿಡಿಯಿತು. ಗಾಳಿಸುವ ಬಟ್ಟೆ ದಪ್ಪ ಹತ್ತಿಯದಾಗಿರಲಿ, ಎರಡು ಪದರ ಮಾಡಿ ಹಿಡಿಯಿರಿ. ನಾಲ್ಕು ಬಟ್ಟೆ ಇದ್ದರೆ ಒಂದು ಒಣಗುವಾಗ ಇನ್ನೊಂದು ಕೈಗೆ ಸಿಗುತ್ತದೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಆ ನೀರಿನ ಸೆಲೆಗೇ ಬಿಡಬೇಕಲ್ಲ, ಅದಕ್ಕೆ ಬಾವಿ ಇರುವ ಧರ್ಮಶಾಲೆಯನ್ನು ಹುಡುಕಿ ತಂಗುತ್ತಿದ್ದೆವು. ಕೊಡದಲ್ಲಿ ಇಳಿಸಲು ಉದ್ದನೆಯ ಹಗ್ಗವೂ ನಮ್ಮದೇ.

ಇನ್ನು ಬೆಂಕಿ. ಇದನ್ನು ಬರೆಯಲು ನಮಗೇ ನಾಚಿಕೆ. ಹಿಂದಿನ ಒಂದು ಯಾತ್ರೆಯಲ್ಲಿ ಮಳೆ ಬಂತೆಂದು ನಿಂತ ಗಾಡಿಯೊಳಗೇ ಗ್ಯಾಸ್ ಒಲೆ ಹಚ್ಚಿ ಚಹಾ ಕಾಸಿದವರು ನಾವೇ. ಏನೂ ಆಗಲಿಲ್ಲ, ಅದರಿಂದ ಧೈರ್ಯವೂ ಬಂದಿತ್ತು. 2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೈಯಲ್ಲಿ ನಿಂತಿದ್ದ ರೈಲು ಬೋಗಿಗೆ ಬೆಂಕಿ ಹತ್ತಿ 9 ಯಾತ್ರಿಕರು ತೀರಿಕೊಂಡರು. ಲಕ್ನೋದಿಂದ ಹೊರಟಿದ್ದವರು. ನಿಯಮ ಮೀರಿ ಒಳಗೆ ತಂದಿದ್ದ ಸಿಲಿಂಡರಿನಿಂದ ಅನಾಹುತವಾಯಿತು. ಸತ್ತವರೂ ನಮ್ಮ ಹಾಗೆಯೇ ಮನೆಯ ಊಟದ ರೂಢಿಯವರು, ತೀರ್ಥಕ್ಕೆ ಹೊರಟವರು. ಆ ಸುದ್ದಿ ಓದಿದ ಮೇಲೆ ನಮ್ಮ ಮನೆಯಲ್ಲಿ ಒಂದು ಕಟ್ಟು ಮಾಡಿದೆವು: ಗಾಡಿಯೊಳಗೆ ಕಡ್ಡಿ ಗೀರಬಾರದು, ಜನ ಕೂರುವ ಗಾಡಿಯಲ್ಲಿ ಸಿಲಿಂಡರೂ ಬೇಡ. ಧರ್ಮಶಾಲೆಗಳಲ್ಲಿ ಒಲೆಗೆ ಜಾಗ ಕೊಡುತ್ತಾರೆ, ಕರೆಂಟೂ ಇರುತ್ತದೆ. ಒಂದು ಇಂಡಕ್ಷನ್ ಒಲೆ, ತಳ ಸಪಾಟಾದ ಸ್ಟೀಲ್ ಪಾತ್ರೆಗಳು, ಉದ್ದನೆಯ ವೈರಿನ ಪ್ಲಗ್ ಬೋರ್ಡ್ ಇಷ್ಟರಲ್ಲೇ ಇಪ್ಪತ್ನಾಲ್ಕು ದಿನ ಕಳೆಯಿತು. ಕರೆಂಟು ಹೋದ ಎರಡು ಹೊತ್ತು ಅವಲಕ್ಕಿ, ಹಣ್ಣು. ಯಾರೂ ಸೊರಗಲಿಲ್ಲ.

ನಾವು ನಿಜವಾಗಿ ಸೋತದ್ದು ಸೂರ್ಯನ ಮುಂದೆ. ಹುಂಚದಲ್ಲಿ ಪದ್ಮಾವತಿ ಅಮ್ಮನವರ ದರ್ಶನ ಮುಗಿಸಿ ಹೊರಡುವುದು ತಡವಾಯಿತು. ಕತ್ತಲಾಗುವ ಮೊದಲು ಘಾಟಿ ಇಳಿದು ಊಟ ಮುಗಿಸಬಹುದೆಂಬ ಅಂದಾಜು ನಮ್ಮದು. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಜನವೋ ಜನ. ಮಕ್ಕಳೂ ಹಟ ಮಾಡಿ ಇಳಿದರು. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ಆಹಾ ಎನ್ನುತ್ತಿದ್ದಾಗ ಆಯಿ ಗಾಡಿಯಲ್ಲೇ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳುತ್ತ ಕೂತಿದ್ದರು. ಮಧ್ಯಾಹ್ನ ಅವರು ತಿಂದದ್ದು ಒಂದು ಹಿಡಿ ಅನ್ನ. ಸಕ್ಕರೆ ಕಾಯಿಲೆಯ ಗುಳಿಗೆ ಬೇರೆ ನುಂಗಿದ್ದರು. ರಾತ್ರಿ ಅವರ ಕೈ ನಡುಗಿ ಮೈ ಬೆವೆತಾಗ ನಮ್ಮ ಜೀವ ಬಾಯಿಗೆ ಬಂತು. ಕಾರ್ಕಳದಲ್ಲಿ ಡಾಕ್ಟರರನ್ನು ಎಬ್ಬಿಸಿದೆವು. ಅವರು ಸೂಜಿಯಲ್ಲಿ ಗ್ಲೂಕೋಸ್ ಕೊಟ್ಟರು. ಬಾಯಿಗೆ ಏನೂ ಹಾಕದೆ ವ್ರತವೂ ಉಳಿಯಿತು, ಆಯಿಯೂ ಉಳಿದರು. ಆದರೆ ತಪ್ಪು ವ್ರತದ್ದಲ್ಲ, ಗಾಡಿ ನಿಲ್ಲಿಸದ ನಮ್ಮದು.

ಮರುದಿನದಿಂದ ಪದ್ಧತಿಯೇ ಬದಲಾಯಿತು. ನಾಲ್ಕು ಗಂಟೆಗೆ ಗಾಡಿ ಎಲ್ಲಿದ್ದರೂ ತಂಗುವ ಊರು ಸೇರಿರಬೇಕು, ಐದಕ್ಕೆ ಎಲೆ ಹಾಕಿರಬೇಕು. ಡಿಸೆಂಬರಿನ ಮೊದಲಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಪೌಣೆ ಆರರ ಸುಮಾರಿಗೆ, ಕರಾವಳಿಯಲ್ಲಿ ಅದಕ್ಕಿಂತ ಕಾಲು ಗಂಟೆ ತಡ. ಆ ಕಾಲು ಗಂಟೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ. ಹೊರಡುವ ಮೊದಲು ಡಾಕ್ಟರರಿಗೆ ರಾತ್ರಿ ಊಟವಿಲ್ಲದ ವಿಷಯ ಹೇಳಿ ಗುಳಿಗೆಯ ಹೊತ್ತನ್ನು ಬರೆಸಿಕೊಳ್ಳಿ. ಕಾರ್ಕಳದ 1432ರ ಬಾಹುಬಲಿ, ವೇಣೂರಿನ 1604ರ ಮೂರ್ತಿ, ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಯಾದ ಮೂರ್ತಿ ಮೂರೂ ಹತ್ತಿರ ಹತ್ತಿರ. ದಿನವೂ ಗಂಟು ಕಟ್ಟುವ ಬದಲು ಒಂದೇ ಕಡೆ ನಾಲ್ಕು ದಿನ ಬಿಡಾರ ಹೂಡಿ ಸುತ್ತಿ ಬಂದೆವು.

ಉಳಿದವು ಸಣ್ಣವು. ಪೂಜೆಯ ಬಟ್ಟೆಗೆ ಬೇರೆ ಚೀಲ. ಡ್ರೈವರಿಗೆ ಬೇರೆ ಭತ್ಯೆ, ಎಂಟು ತಾಸು ನಿದ್ದೆ. ತಾರೀಖು ನಿಶ್ಚಯಿಸುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿ, ಗಾಡಿಯಲ್ಲಿ ಹೊರಗೆ ಕೂರಲು ಜಾಗವಿಲ್ಲ. ಜಿ.ಎಸ್.ಟಿ. ರಿಟರ್ನಿನ 20ನೇ ತಾರೀಖು ಯಾತ್ರೆಯ ನಡುವೆಯೇ ಬರುತ್ತದೆ, ಆ ಕೆಲಸವನ್ನು ಯಾರಿಗಾದರೂ ಒಪ್ಪಿಸಿಯೇ ಹೊರಡಿ. ನಾವು ಬಸದಿಯ ಮೆಟ್ಟಿಲ ಮೇಲೆ ಕೂತು ಗುಮಾಸ್ತನಿಗೆ ಫೋನಿನಲ್ಲಿ ಬಿಲ್ಲು ಓದಿಸಿದ್ದು ಸಾಕು.

ಈ ವರ್ಷ ದೊಡ್ಡ ಯಾತ್ರೆಗೆ ಮೊದಲು ಮಳಖೇಡದ ನೇಮಿನಾಥ ಬಸದಿಗೆ ಎರಡು ದಿನ ಹೋಗಿ, ಸಾಮಾನೆಲ್ಲ ಒಮ್ಮೆ ಬಳಸಿ ನೋಡಿ ಬರುವುದೆಂದು ಮಾತಾಗಿದೆ. ಆಯಿ ಆಗಲೇ ಅಟ್ಟದ ಮೇಲಿದ್ದ ಬೀಸುಕಲ್ಲು ಇಳಿಸಿ ತೊಳೆಸಿದ್ದಾರೆ. ನಾಲ್ಕು ಗಂಟೆಗೆ ಬಾರಿಸುವ ಗಡಿಯಾರವೊಂದನ್ನು ಮೊಮ್ಮಗನಿಂದ ತರಿಸಿ ತಮ್ಮ ಚೀಲದಲ್ಲೇ ಇಟ್ಟುಕೊಂಡಿದ್ದಾರೆ.