ಮಳೆಯ ನೆರಳಿನ ಸೀಮೆ

ನಮ್ಮ ಕನ್ನಡನಾಡಿನಲ್ಲಿ ಮುಂಗಾರು ಒಂದೇ ಆದರೂ ಅದರ ಕೃಪೆಯು ಎಲ್ಲೆಡೆಯೂ ಸಮನಲ್ಲ. ಪಡುವಣ ಕಡಲಿನಿಂದ ಬರುವ ಮೋಡಗಳು ಸಹ್ಯಾದ್ರಿಯನ್ನೇರುವಾಗ ತಂಪಾಗಿ, ತಮ್ಮ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿಸಿಬಿಡುವುವು. ಆದುದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿದ ಮಳೆ. ಬೆಟ್ಟಗಳ ಮರೆಯಲ್ಲಿರುವ ಚಳ್ಳಕೆರೆಗೆ 500 ದೊರೆಯುವುದೂ ಕಷ್ಟ.

ಈ ಒಣ ಸೀಮೆಗೆ ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿ ಬರುವ ವೇದಾವತಿಯೇ ಆಸರೆ. ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ಈ ಹೊಳೆಗೆ ಕಟ್ಟಿದ ಅಣೆಯು 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯವು ಪುನಃ ಕೋಡಿ ಬಿದ್ದುದು 2022ರಲ್ಲಿ. ಅಜ್ಜನು ಕಂಡುದನ್ನು ಮೊಮ್ಮಗನು ಕಾಣಲು 89 ವರ್ಷ ಕಾಯಬೇಕಾಯಿತು!

ಮಲೆನಾಡಿನವರು ಮಳೆ ಸಾಕೆನ್ನುವ ದಿನಗಳಲ್ಲಿಯೇ ಬಯಲುಸೀಮೆಯ ಗೃಹಿಣಿಯು ಮುಗಿಲನ್ನು ನೋಡುತ್ತ ನಿಂತಿರುವಳು. ಒಂದು ಚೊಂಬು ನೀರನ್ನು ಚೆಲ್ಲುವ ಮುನ್ನ ನಾವು ಆಕೆಯನ್ನು ನೆನೆಯೋಣ.